ಊರು, ಮಠ, ದೇಶ: ಕರಾವಳಿಯ ಸಂಪ್ರದಾಯಶೀಲ ಚಿಂತನೆಯಲ್ಲಿ ಚುನಾವಣೆ, ವಿದ್ಯುತ್ತು ಮತ್ತು ಹವಾಮಾನ

ಮಂಗಳೂರು ನಗರವನ್ನು ಕೇಂದ್ರವಾಗಿ ಹೊಂದಿರುವ ಲೋಕಸಭಾ ಕ್ಷೇತ್ರವು 1991ರಿಂದ 2024ರವರೆಗಿನ ಎಲ್ಲ ಸಾರ್ವತ್ರಿಕ ಚುನಾವಣೆಗಳಲ್ಲಿಯೂ ಭಾರತೀಯ ಜನತಾ ಪಕ್ಷದ ಅಭ್ಯರ್ಥಿಯನ್ನೇ ಆರಿಸಿದೆ. ಇದೇ ಮೂರು ದಶಕಗಳಲ್ಲಿ ಕರಾವಳಿಯು ಬೃಹತ್ ವಿದ್ಯುತ್ ಯೋಜನೆಗಳ ಹಾಗೂ ಕೈಗಾರಿಕಾ ಭೂಸ್ವಾಧೀನದ ವಿರುದ್ಧ ದೀರ್ಘಕಾಲದ ಚಳವಳಿಗಳನ್ನು ಕಂಡಿದೆ. ಮತದಾನದಲ್ಲಿ ಸಂಪ್ರದಾಯಶೀಲ, ಬೀದಿಯಲ್ಲಿ ಪ್ರತಿಭಟನಾಶೀಲ ಎಂಬ ಈ ಚಿತ್ರವನ್ನು ಕೆಲವರು ವೈರುಧ್ಯವೆಂದು ಕರೆದಿದ್ದಾರೆ. ಇನ್ನು ಕೆಲವರು ಜನರ ಮರೆವು ಎಂದು ತಳ್ಳಿಹಾಕಿದ್ದಾರೆ. ಇದು ವೈರುಧ್ಯವೂ ಅಲ್ಲ, ಮರೆವೂ ಅಲ್ಲ ಎಂಬುದು ಪ್ರಸ್ತುತ ಲೇಖನದ ವಾದ. ಸಂಪ್ರದಾಯಶೀಲ ಮನಸ್ಸು ಯಾವುದನ್ನು ಉಳಿಸಿಕೊಳ್ಳಬೇಕೆಂದು ಬಯಸುತ್ತದೆ ಎಂಬ ಪ್ರಶ್ನೆಗೆ ಕರಾವಳಿಯಲ್ಲಿ ಒಂದಲ್ಲ, ಮೂರು ಉತ್ತರಗಳಿವೆ. ಊರು, ಮಠ, ದೇಶ ಎಂಬ ಈ ಮೂರು ನೆಲೆಗಳು ಸಾಮಾನ್ಯ ಕಾಲದಲ್ಲಿ ಒಂದರೊಡನೊಂದು ಹೊಂದಿಕೊಂಡಿರುತ್ತವೆ. ವಿದ್ಯುತ್ ಯೋಜನೆ ಬಂದಾಗ ಅವು ಬೇರ್ಪಡುತ್ತವೆ. ಚುನಾವಣೆ ಬಂದಾಗ ಮತ್ತೆ ಒಂದಾಗುತ್ತವೆ. ಹವಾಮಾನದ ಚರ್ಚೆಯು ಈ ಮೂರಕ್ಕೂ ಹೊಸ ಸವಾಲೊಡ್ಡಿದೆ. ಜಾನಪದ ಅಧ್ಯಯನದ ಪರಿಕರಗಳಿಂದ ಈ ಸಂಬಂಧಗಳನ್ನು ವಿವರಿಸುವುದು ಇಲ್ಲಿನ ಉದ್ದೇಶ. ಯಾವ ಪಕ್ಷದ ನಿಲುವು ಸರಿ ಎಂಬ ತೀರ್ಪು ಈ ಲೇಖನದ ವ್ಯಾಪ್ತಿಗೆ ಸೇರಿದ್ದಲ್ಲ.

ಪದದ ವ್ಯಾಪ್ತಿ

‘ಸಂಪ್ರದಾಯಶೀಲ’ ಎಂಬ ಪದವನ್ನು ಕನ್ನಡದ ವೈಚಾರಿಕ ಬರವಣಿಗೆಯಲ್ಲಿ ಬಹುಮಟ್ಟಿಗೆ ‘ಪ್ರಗತಿಪರ’ ಎಂಬುದರ ವಿರುದ್ಧ ಪದವಾಗಿ ಬಳಸಲಾಗಿದೆ. ಇದರಿಂದಾಗಿ ಆ ಚಿಂತನೆಗೆ ತನ್ನದೇ ಆದ ತರ್ಕವಿದೆ ಎಂಬ ಅಂಶ ಮರೆಯಾಗಿದೆ. ಪಶ್ಚಿಮದಲ್ಲಿ ಎಡ್ಮಂಡ್ ಬರ್ಕ್ 1790ರಲ್ಲಿಯೇ ಸಮಾಜವನ್ನು ಸತ್ತವರು, ಬದುಕಿರುವವರು ಮತ್ತು ಇನ್ನೂ ಹುಟ್ಟದವರ ನಡುವಿನ ಪಾಲುದಾರಿಕೆಯಾಗಿ ಕಂಡಿದ್ದನು. ಬ್ರಿಟಿಷ್ ಚಿಂತಕ ರೋಜರ್ ಸ್ಕ್ರೂಟನ್ 2012ರಲ್ಲಿ ಪ್ರಕಟಿಸಿದ ಕೃತಿಯೊಂದರಲ್ಲಿ, ಪರಿಸರ ರಕ್ಷಣೆಗೆ ನಿಜವಾದ ಪ್ರೇರಣೆ ಜಾಗತಿಕ ಒಪ್ಪಂದಗಳಿಂದ ಬರುವುದಿಲ್ಲ, ತನ್ನ ಮನೆ ಮತ್ತು ನೆಲದ ಮೇಲಿನ ಪ್ರೀತಿಯಿಂದ ಬರುತ್ತದೆ ಎಂದು ವಾದಿಸಿದನು. ಈ ವಾದಗಳನ್ನು ತುಳುನಾಡಿಗೆ ಯಥಾವತ್ತಾಗಿ ಅನ್ವಯಿಸುವ ಅಗತ್ಯವಿಲ್ಲ. ಏಕೆಂದರೆ ಇಲ್ಲಿ ಇದೇ ಆಶಯವನ್ನು ಹೇಳುವ ಪದ ಹಿಂದಿನಿಂದಲೂ ಇದೆ. ಅದು ‘ಕಟ್ಟು’. ಕಟ್ಟುಕಟ್ಟಳೆ ಎಂಬ ಜೋಡುನುಡಿಯಲ್ಲಿ ಕಾಣಿಸಿಕೊಳ್ಳುವ ಈ ಪದವು ಹಿರಿಯರಿಂದ ಬಂದ ನಡವಳಿಕೆ, ಅದನ್ನು ನಡೆಸಿಕೊಂಡು ಹೋಗುವ ಹೊಣೆ ಮತ್ತು ಅದು ಅನ್ವಯಿಸುವ ಗಡಿ ಎಂಬ ಮೂರು ಅರ್ಥಗಳನ್ನು ಒಟ್ಟಿಗೆ ಹೊತ್ತಿದೆ. ಗಡಿಯಿಲ್ಲದ ಕಟ್ಟು ಇಲ್ಲ ಎಂಬ ಸಂಗತಿ ಮುಂದಿನ ಚರ್ಚೆಗೆ ಮುಖ್ಯವಾದುದು.

ಊರಿನ ನೆಲೆ

ತುಳುನಾಡಿನ ದೈವಾರಾಧನೆಯನ್ನು ಕುರಿತು ಬಿ.ಎ. ವಿವೇಕ ರೈ, ಅಮೃತ ಸೋಮೇಶ್ವರ, ಕೆ. ಚಿನ್ನಪ್ಪ ಗೌಡ ಮೊದಲಾದ ವಿದ್ವಾಂಸರು ನಡೆಸಿದ ಅಧ್ಯಯನಗಳು ಈ ಆರಾಧನೆಯ ಸಾಮಾಜಿಕ ಸ್ವರೂಪವನ್ನು ವಿಶದಪಡಿಸಿವೆ. ಕುಟುಂಬದ ದೈವ, ಗ್ರಾಮದ ದೈವ, ಸೀಮೆಯ ರಾಜನ್‍ದೈವ ಎಂಬ ಶ್ರೇಣಿಯಲ್ಲಿ ಪ್ರತಿಯೊಂದು ದೈವಕ್ಕೂ ನಿರ್ದಿಷ್ಟ ಭೂವ್ಯಾಪ್ತಿಯಿದೆ. ಆ ವ್ಯಾಪ್ತಿಯೊಳಗಿನ ಬೆಳೆ, ಜಾನುವಾರು, ಜನರ ಆರೋಗ್ಯ ಮತ್ತು ನ್ಯಾಯ ಅದರ ಹೊಣೆ. ಗುತ್ತು, ಬೀಡುಗಳ ಯಜಮಾನರು ಭೂಮಿಯ ಒಡೆತನವನ್ನು ದೈವದ ಪರವಾಗಿ ನಿರ್ವಹಿಸುವವರೆಂಬ ಕಲ್ಪನೆ ಇದರ ಹಿಂದಿದೆ. ಆದ್ದರಿಂದ ಭೂಮಿಯನ್ನು ಮಾರಬಹುದಾದ ಸ್ವತ್ತು ಎಂದು ಮಾತ್ರ ಪರಿಗಣಿಸುವ ಭೂಸ್ವಾಧೀನ ಕಾನೂನಿಗೂ ಈ ಲೋಕದೃಷ್ಟಿಗೂ ಹೊಂದಿಕೆಯಾಗುವುದಿಲ್ಲ. ಪರಿಹಾರದ ಮೊತ್ತ ಹೆಚ್ಚಿದರೂ ವಿರೋಧ ಕೆಲವೆಡೆ ಉಳಿಯುವುದಕ್ಕೆ ಇದು ಒಂದು ಕಾರಣ.

ಮಂಗಳೂರಿನ ಉತ್ತರ ಭಾಗವು ಈ ಸಂಘರ್ಷದ ಸ್ಥಳ. 1975ರಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರು, ಅದರ ಬಳಿಯ ರಸಗೊಬ್ಬರ ಕಾರ್ಖಾನೆ, ಬಳಿಕ ತಲೆಯೆತ್ತಿದ ತೈಲ ಶುದ್ಧೀಕರಣಾಗಾರ, 2007ರ ವೇಳೆಗೆ ರೂಪುಗೊಂಡ ವಿಶೇಷ ಆರ್ಥಿಕ ವಲಯ ಇವು ಒಂದಾದ ಮೇಲೊಂದರಂತೆ ಪಣಂಬೂರಿನಿಂದ ಬಜ್ಪೆಯವರೆಗಿನ ಗ್ರಾಮಗಳನ್ನು ಬದಲಾಯಿಸಿದವು. 2001ರಲ್ಲಿ ತಣ್ಣೀರುಬಾವಿಯ ಬಳಿ ನದಿಯಲ್ಲಿ ನಿಂತ 220 ಮೆಗಾವಾಟ್ ಸಾಮರ್ಥ್ಯದ ತೇಲುವ ವಿದ್ಯುತ್ ಸ್ಥಾವರವು ಬಳಿಕ ಪೂರ್ವ ಕರಾವಳಿಯ ಕಾಕಿನಾಡಕ್ಕೆ ಸಾಗಿತು. ನೆಲಕ್ಕೆ ಬೇರೂರದ ಆ ಸ್ಥಾವರ ಬಂದಂತೆಯೇ ಹೋಯಿತು. ನೆಲವನ್ನು ಪಡೆದ ಯೋಜನೆಗಳು ಉಳಿದವು. ಆರ್ಥಿಕ ವಲಯದ ಎರಡನೆಯ ಹಂತಕ್ಕೆ ಗುರುತಿಸಿದ್ದ ಸುಮಾರು 2,035 ಎಕರೆ ಭೂಮಿಯನ್ನು ವಿರೋಧದ ಫಲವಾಗಿ 2011ರಲ್ಲಿ ರಾಜ್ಯ ಸರ್ಕಾರವು ಅಧಿಸೂಚನೆಯಿಂದ ಕೈಬಿಟ್ಟಿತು. ಆಗ ರಾಜ್ಯದಲ್ಲಿ ಭಾಜಪ ಸರ್ಕಾರವಿತ್ತು. ಸಂಪ್ರದಾಯಶೀಲ ಮತದಾರರು ಸಂಪ್ರದಾಯಶೀಲ ಸರ್ಕಾರವನ್ನು ಹಿಮ್ಮೆಟ್ಟಿಸಿದ ಪ್ರಕರಣವಿದು.

ಜಪಾನಿನ ಮಾನವಶಾಸ್ತ್ರಜ್ಞೆ ಮಿಹೊ ಇಶಿಯಿ ಅವರು ಮಂಗಳೂರು ಪರಿಸರದ ಭೂತಾರಾಧನೆಯನ್ನು ಇದೇ ಕೈಗಾರಿಕೀಕರಣದ ಸಂದರ್ಭದಲ್ಲಿಟ್ಟು ಅಧ್ಯಯನ ಮಾಡಿದ್ದಾರೆ. ಕಾರ್ಖಾನೆಯ ಆವರಣದೊಳಕ್ಕೆ ಸೇರಿದ ಮಾತ್ರಕ್ಕೆ ದೈವದ ಸಂಬಂಧ ಕಡಿದುಹೋಗುವುದಿಲ್ಲ, ಅದು ಹೊಸ ರೂಪ ತಾಳುತ್ತದೆ ಎಂಬುದು ಇಂತಹ ಅಧ್ಯಯನಗಳಿಂದ ತಿಳಿದುಬರುವ ಅಂಶ. ನಾಗಬನವನ್ನು ಬೇರೆಡೆಗೆ ಸಾಗಿಸಲು ಮಾಡುವ ವಿಧಿಗಳು, ಬೇಲಿಯೊಳಗಣ ಸಾನಕ್ಕೆ ಪ್ರವೇಶ ಕೋರುವ ಮನವಿಗಳು ಇದಕ್ಕೆ ನಿದರ್ಶನ.

ಆದರೆ ಊರಿನ ನೆಲೆಯನ್ನು ಆದರ್ಶೀಕರಿಸುವಂತಿಲ್ಲ. ಊರಿನ ಪರವಾಗಿ ಮಾತನಾಡುವವರು ಯಾರು ಎಂಬ ಪ್ರಶ್ನೆ ಇಲ್ಲಿ ಅನಿವಾರ್ಯ. ಗಡಿಹಿಡಿದ ಯಜಮಾನರ ಮಾತು ಪತ್ರಿಕೆಗೂ ನ್ಯಾಯಾಲಯಕ್ಕೂ ತಲುಪುತ್ತದೆ. ದೈವವನ್ನು ಮೈಮೇಲೆ ತಂದುಕೊಳ್ಳುವ ನಲಿಕೆ, ಪಂಬದ, ಪರವ ಸಮುದಾಯದ ಕಲಾವಿದರಲ್ಲಿ ಬಹಳಷ್ಟು ಮಂದಿಗೆ ಕಳೆದುಕೊಳ್ಳಲು ಪಟ್ಟಾಭೂಮಿಯೇ ಇರಲಿಲ್ಲ. ಆದ್ದರಿಂದ ಪರಿಹಾರದ ಪಟ್ಟಿಯಲ್ಲಿ ಹೆಸರೂ ಇರಲಿಲ್ಲ. ಒಂದು ಗ್ರಾಮ ಚದುರಿದರೆ ಅವರು ಕಳೆದುಕೊಳ್ಳುವುದು ನೇಮ ಕಟ್ಟುವ ಹಕ್ಕನ್ನು, ಅದರೊಡನೆ ಬರುವ ಪಡಿ ಮತ್ತು ಮರ್ಯಾದೆಯನ್ನು. ಇದಕ್ಕೆ ಬೆಲೆ ಕಟ್ಟುವ ಕಾಲಂ ಯಾವ ಸ್ವಾಧೀನ ಕಡತದಲ್ಲಿಯೂ ಇಲ್ಲ. ಅದೇ ರೀತಿ, 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿ ಒಕ್ಕಲುತನದಿಂದ ಬಿಡುಗಡೆ ಹೊಂದಿ ಭೂಮಿ ಪಡೆದ ಕುಟುಂಬಗಳ ವಿರೋಧಕ್ಕೂ ಗುತ್ತಿನ ವಿರೋಧಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಒಬ್ಬರು ಶತಮಾನಗಳ ಕಟ್ಟನ್ನು ಕಾಯುತ್ತಾರೆ; ಮತ್ತೊಬ್ಬರು ಒಂದು ತಲೆಮಾರಿನ ಹಿಂದೆ ದೊರೆತ ಹಕ್ಕನ್ನು ಕಾಯುತ್ತಾರೆ. ಹೊರಗಿನಿಂದ ನೋಡುವವರಿಗೆ ಎರಡೂ ಸಂಪ್ರದಾಯಶೀಲತೆಯಾಗಿಯೇ ಕಾಣುತ್ತವೆ.

ಮಠದ ನೆಲೆ

ಉಡುಪಿ ಜಿಲ್ಲೆಯ ನಂದಿಕೂರು–ಎಲ್ಲೂರು ಪ್ರದೇಶದ ಕಲ್ಲಿದ್ದಲು ಸ್ಥಾವರದ ಇತಿಹಾಸವು ಎರಡನೆಯ ನೆಲೆಯನ್ನು ಪರಿಚಯಿಸುತ್ತದೆ. ನಂದಿಕೂರಿನಲ್ಲಿ 1,000 ಮೆಗಾವಾಟ್ ಸ್ಥಾವರವನ್ನು ನಿರ್ಮಿಸಲು ಮುಂದಾಗಿದ್ದ ಅಮೆರಿಕದ ಕೊಜೆಂಟ್ರಿಕ್ಸ್ ಸಂಸ್ಥೆಯು ವಿರೋಧ ಹಾಗೂ ನ್ಯಾಯಾಲಯದ ವ್ಯಾಜ್ಯಗಳ ನಡುವೆ 1999ರ ಡಿಸೆಂಬರಿನಲ್ಲಿ ಹಿಂದೆ ಸರಿಯಿತು. ಅದೇ ಪ್ರದೇಶದ ಎಲ್ಲೂರಿನಲ್ಲಿ ನಾಗಾರ್ಜುನ ಸಂಸ್ಥೆಯ ಹೆಸರಿನಲ್ಲಿ ಆರಂಭಗೊಂಡ ಮತ್ತೊಂದು ಯೋಜನೆಯು ಲ್ಯಾಂಕೊ ಸಮೂಹದ ಕೈಗೆ ಬಂದು, ಉಡುಪಿ ಪವರ್ ಕಾರ್ಪೊರೇಷನ್ ಎಂಬ ಹೆಸರಿನಲ್ಲಿ ಕಾರ್ಯಗತವಾಯಿತು. ತಲಾ 600 ಮೆಗಾವಾಟ್ ಸಾಮರ್ಥ್ಯದ ಎರಡು ಘಟಕಗಳಲ್ಲಿ ಮೊದಲನೆಯದು 2010ರಲ್ಲಿ, ಎರಡನೆಯದು 2012ರಲ್ಲಿ ಕಾರ್ಯಾರಂಭ ಮಾಡಿದವು. 2015ರಲ್ಲಿ ಅದಾನಿ ಸಮೂಹವು ಇದನ್ನು ಖರೀದಿಸಿತು. ವಿದೇಶದಿಂದ ಬರುವ ಕಲ್ಲಿದ್ದಲು ನವಮಂಗಳೂರು ಬಂದರಿನಲ್ಲಿ ಇಳಿಯುವುದರಿಂದ ಮಂಗಳೂರು ನಗರವೂ ಈ ಕಥನದ ಭಾಗವಾಗಿದೆ.

ಈ ಸ್ಥಾವರವನ್ನು ಹಾಗೂ ಮಂಗಳೂರಿನ ಆರ್ಥಿಕ ವಲಯದ ಭೂಸ್ವಾಧೀನವನ್ನು ಬಹಿರಂಗವಾಗಿ ವಿರೋಧಿಸಿದವರಲ್ಲಿ ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥ ಸ್ವಾಮೀಜಿ ಪ್ರಮುಖರು. 2019ರ ಡಿಸೆಂಬರ್ 29ರಂದು ನಿಧನರಾದ ಅವರು ವಿಶ್ವ ಹಿಂದೂ ಪರಿಷತ್ತಿನ ಹಾಗೂ ಅಯೋಧ್ಯಾ ಚಳವಳಿಯ ಮುಂಚೂಣಿಯಲ್ಲಿದ್ದವರು. ರಾಷ್ಟ್ರೀಯ ಮಟ್ಟದಲ್ಲಿ ಅವರ ನಿಲುವು ಒಂದು ರಾಜಕೀಯ ಧಾರೆಗೆ ಸಮೀಪವಾಗಿದ್ದರೂ, ಜಿಲ್ಲೆಯ ನೆಲ-ಜಲದ ಪ್ರಶ್ನೆಯಲ್ಲಿ ಅದೇ ಧಾರೆಯ ಸರ್ಕಾರಕ್ಕೆ ಎದುರಾಗಿ ನಿಂತರು. ಮಠದ ಸಂಪ್ರದಾಯಶೀಲತೆಯು ಪಕ್ಷದ ಸಂಪ್ರದಾಯಶೀಲತೆಗಿಂತ ಭಿನ್ನವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ದೈವಕ್ಕೆ ಗ್ರಾಮದ ಗಡಿಯಿದ್ದರೆ, ಮಠಕ್ಕೆ ಶಿಷ್ಯವರ್ಗ ಮತ್ತು ಕ್ಷೇತ್ರದ ವ್ಯಾಪ್ತಿಯಿದೆ. ಹಾಗಾಗಿ ಗ್ರಾಮಮಟ್ಟದ ಅಹವಾಲು ಮಠದ ಮೂಲಕ ಜಿಲ್ಲೆಯ, ರಾಜ್ಯದ ಪ್ರಶ್ನೆಯಾಗಿ ಬೆಳೆಯುವುದು ಸಾಧ್ಯವಾಯಿತು. ಆದರೂ ಸ್ಥಾವರ ನಿಲ್ಲಲಿಲ್ಲ. ನೈತಿಕ ಅಧಿಕಾರವು ಸರ್ಕಾರವನ್ನು ಮಾತುಕತೆಗೆ ಕರೆತರಬಲ್ಲದು. ಈಗಾಗಲೇ ಸಹಿಯಾದ ವಿದ್ಯುತ್ ಖರೀದಿ ಒಪ್ಪಂದವನ್ನು ರದ್ದುಗೊಳಿಸಲಾರದು.

ದೇಶದ ನೆಲೆ

ಮೂರನೆಯ ನೆಲೆ ರಾಷ್ಟ್ರದ್ದು. ಇಲ್ಲಿ ಉಳಿಸಿಕೊಳ್ಳಬೇಕಾದುದು ದೇಶದ ಸಾರ್ವಭೌಮತೆ ಮತ್ತು ಸ್ವಾವಲಂಬನೆ. ವಿದ್ಯುತ್ತಿಲ್ಲದೆ ಕೈಗಾರಿಕೆಯಿಲ್ಲ, ಕೈಗಾರಿಕೆಯಿಲ್ಲದೆ ದೇಶಕ್ಕೆ ಬಲವಿಲ್ಲ. ಇಂದಿನವರೆಗಿನ ಇಂಗಾಲದ ಹೊರೆಯನ್ನು ವಾತಾವರಣಕ್ಕೆ ಸೇರಿಸಿದವರು ಪಶ್ಚಿಮದವರು. ಅವರು ಏರಿದ ಏಣಿಯನ್ನು ನಾವು ಏರುವ ಹೊತ್ತಿಗೆ ತೆಗೆಯುವುದು ನ್ಯಾಯವಲ್ಲ ಎಂಬುದು ಈ ನೆಲೆಯ ವಾದ. ಇದನ್ನು ಕೇವಲ ನೆಪವೆಂದು ತಳ್ಳಿಹಾಕಲಾಗದು. ಭಾರತದ ತಲಾ ಹೊರಸೂಸುವಿಕೆಯು ಜಾಗತಿಕ ಸರಾಸರಿಗಿಂತ ಬಹಳ ಕಡಿಮೆಯೆಂಬುದು ವಾಸ್ತವ. 2021ರ ನವೆಂಬರಿನಲ್ಲಿ ಗ್ಲಾಸ್ಗೊ ಸಮ್ಮೇಳನದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು 2070ರ ಹೊತ್ತಿಗೆ ನಿವ್ವಳ ಶೂನ್ಯ ಹೊರಸೂಸುವಿಕೆಯ ಗುರಿಯನ್ನು ಘೋಷಿಸಿದರು. ಅದೇ ಸಮ್ಮೇಳನದಲ್ಲಿ ಕಲ್ಲಿದ್ದಲನ್ನು ‘ಕೊನೆಗಾಣಿಸುವ’ ಬದಲು ‘ತಗ್ಗಿಸುವ’ ಎಂಬ ಮಾತನ್ನು ಭಾರತವು ಮುಂದಿಟ್ಟಿತು. 2025ರ ಮಧ್ಯಭಾಗದಲ್ಲಿ ದೇಶದ ಸ್ಥಾಪಿತ ವಿದ್ಯುತ್ ಸಾಮರ್ಥ್ಯದ ಅರ್ಧದಷ್ಟು ಪಳೆಯುಳಿಕೆಯೇತರ ಮೂಲಗಳದ್ದೆಂದು ಕೇಂದ್ರ ಸರ್ಕಾರ ಪ್ರಕಟಿಸಿತು. ವಾಸ್ತವ ಉತ್ಪಾದನೆಯಲ್ಲಿ ಕಲ್ಲಿದ್ದಲಿನ ಪಾಲೇ ದೊಡ್ಡದಾಗಿ ಉಳಿದಿತ್ತು.

ದೇಶದ ನೆಲೆಯು ಊರಿನ ನೆಲೆಯನ್ನು ಮೀರಿ ನಿಲ್ಲುವುದು ಹೊಸದೇನಲ್ಲ. ಕೈಗಾ ಅಣುವಿದ್ಯುತ್ ಸ್ಥಾವರವನ್ನು ವಿರೋಧಿಸಿದ ಶಿವರಾಮ ಕಾರಂತರು 1989ರಲ್ಲಿ ಕೆನರಾ ಲೋಕಸಭಾ ಕ್ಷೇತ್ರದಿಂದ ಸ್ಪರ್ಧಿಸಿ ಸೋತರು. ಕಾರಂತರನ್ನು ಸಂಪ್ರದಾಯವಾದಿಯೆಂದು ಯಾರೂ ಕರೆಯಲಾರರು. ಆದರೆ ಅವರು ಮತದಾರರ ಮುಂದಿಟ್ಟ ಪ್ರಶ್ನೆ ನೆಲವನ್ನು ಮುಂದಿನವರಿಗಾಗಿ ಉಳಿಸಿಕೊಳ್ಳುವುದರದ್ದೇ ಆಗಿತ್ತು. ನಾಡಿನಲ್ಲಿ ಅವರಿಗಿದ್ದ ಗೌರವ ಮತವಾಗಿ ಮಾರ್ಪಡಲಿಲ್ಲ. ಊರಿನ ಕಾಳಜಿಯನ್ನು ಮತಪೆಟ್ಟಿಗೆಯ ಮೂಲಕ ಹೇಳುವುದು ಎಷ್ಟು ಕಷ್ಟವೆಂಬುದನ್ನು ಕರಾವಳಿ ಅಂದೇ ಕಂಡಿತ್ತು.

ಚುನಾವಣೆಯ ಕಾಲ

ತುಳುವರ ಕ್ಯಾಲೆಂಡರಿನಲ್ಲಿ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಮೇ ತಿಂಗಳ ಕೊನೆಯ ವಾರಕ್ಕೆ ಬರುವ ಈ ದಿನದೊಂದಿಗೆ ನೇಮ, ಕೋಲ, ಯಕ್ಷಗಾನ ಮೇಳಗಳ ತಿರುಗಾಟ, ಜಾತ್ರೆಗಳು ಮುಗಿದು ಮಳೆಗಾಲದ ಬೇಸಾಯಕ್ಕೆ ಅಣಿಯಾಗುವ ಕಾಲ ಆರಂಭವಾಗುತ್ತದೆ. 2013ರ ಮೇ 5, 2014ರ ಏಪ್ರಿಲ್ 17, 2018ರ ಮೇ 12, 2019ರ ಏಪ್ರಿಲ್ 18, 2023ರ ಮೇ 10, 2024ರ ಏಪ್ರಿಲ್ 26 ಹೀಗೆ ಈಚಿನ ಮತದಾನಗಳೆಲ್ಲವೂ ಪತ್ತನಾಜೆಗೆ ಮುನ್ನ ಬಂದಿವೆ. ಚುನಾವಣೆಯ ಕಾಲವೂ ನೇಮದ ಕಾಲವೂ ಒಂದೇ. ಅಡಕೆ ತೋಟಗಳಿಗೆ ನೀರುಣಿಸುವ ಪಂಪುಗಳು ಹೆಚ್ಚು ಓಡುವ, ನಗರದಲ್ಲಿ ಸೆಕೆ ಏರುವ, ವಿದ್ಯುತ್ತಿನ ಬೇಡಿಕೆ ತುದಿಮುಟ್ಟುವ ಕಾಲವೂ ಅದೇ. ಊರಿನ ಜನ ಒಟ್ಟು ಸೇರುವ ಜಾಗ, ರಾಜಕಾರಣಿಗಳು ಕಾಣಿಸಿಕೊಳ್ಳುವ ಜಾಗ ಒಂದೇ ಆಗುವುದರಿಂದ ಗಂಧಪ್ರಸಾದ ಸ್ವೀಕರಿಸುವ ಅಭ್ಯರ್ಥಿಯ ಚಿತ್ರವು ಮೂರೂ ನೆಲೆಗಳನ್ನು ಒಂದೇ ಚೌಕಟ್ಟಿನಲ್ಲಿ ಕೂಡಿಸುತ್ತದೆ. ಧರ್ಮ, ಕ್ಷೇತ್ರ, ದೇಶ ಎಂಬ ಮಾತುಗಳು ಒಂದರ ಬದಲು ಇನ್ನೊಂದು ಬಳಕೆಯಾಗುತ್ತವೆ. ಆ ಹೊತ್ತಿನಲ್ಲಿ ಎಲ್ಲೂರಿನ ಬಾವಿಯ ಉಪ್ಪುನೀರಿನಂತಹ ನಿರ್ದಿಷ್ಟ ದೂರುಗಳು ಹಿನ್ನೆಲೆಗೆ ಸರಿಯುತ್ತವೆ.

ವಿದ್ಯುತ್ತು ಚುನಾವಣೆಯಲ್ಲಿ ಕಾಣಿಸಿಕೊಳ್ಳುವುದು ಉತ್ಪಾದನೆಯ ಪ್ರಶ್ನೆಯಾಗಿ ಅಲ್ಲ, ದರದ ಪ್ರಶ್ನೆಯಾಗಿ. 2008ರಲ್ಲಿ ಬಿ.ಎಸ್. ಯಡಿಯೂರಪ್ಪ ಸರ್ಕಾರವು 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ತನ್ನು ನೀಡಿತು. 2023ರ ಚುನಾವಣೆಗೆ ಮುನ್ನ ಕಾಂಗ್ರೆಸ್ ಘೋಷಿಸಿದ ಗೃಹಜ್ಯೋತಿಯು ಅದೇ ವರ್ಷದ ಜುಲೈಯಿಂದ ಮನೆಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ತನ್ನು ಒದಗಿಸಿತು. ಇಂತಹ ಕೊಡುಗೆಗಳನ್ನು 2022ರ ಜುಲೈಯಲ್ಲಿ ಪ್ರಧಾನಿಯವರು ‘ರೇವಡಿ’ ಸಂಸ್ಕೃತಿಯೆಂದು ಟೀಕಿಸಿದ್ದರು. 2024ರ ಫೆಬ್ರವರಿಯಲ್ಲಿ, ಸಾರ್ವತ್ರಿಕ ಚುನಾವಣೆಯ ಹೊಸ್ತಿಲಲ್ಲಿ, ಕೇಂದ್ರ ಸರ್ಕಾರವು ಒಂದು ಕೋಟಿ ಮನೆಗಳ ಮಾಡಿಗೆ ಸೌರಫಲಕ ಹಾಕಿಸಿ ತಿಂಗಳಿಗೆ 300 ಯೂನಿಟ್‌ವರೆಗೆ ಉಚಿತ ವಿದ್ಯುತ್ತು ದೊರೆಯುವಂತೆ ಮಾಡುವ ಯೋಜನೆಯನ್ನು ಆರಂಭಿಸಿತು. ಎರಡನ್ನೂ ‘ಉಚಿತ’ ಎಂಬ ಒಂದೇ ಪದದಿಂದ ಕರೆದರೂ ಸಂಪ್ರದಾಯಶೀಲ ದೃಷ್ಟಿಯಲ್ಲಿ ಅವು ಬೇರೆ ಬೇರೆ. ಒಂದು ಸರ್ಕಾರ ಕೊಡುವ ದಾನ. ಇನ್ನೊಂದು ಸಹಾಯಧನ ಪಡೆದರೂ ಮನೆಯ ಯಜಮಾನನೇ ಬಂಡವಾಳ ಹೂಡಿ ಮಾಡುವ ಸ್ವಂತ ಸಂಪಾದನೆ. ಬಾಡಿಗೆ ಮನೆಯಲ್ಲಿರುವವನಿಗೆ, ಸ್ವಂತ ಮಾಡಿಲ್ಲದವನಿಗೆ ಈ ಎರಡನೆಯ ದಾರಿ ಸುಲಭವಲ್ಲ ಎಂಬುದು ಆ ದೃಷ್ಟಿಯ ಮಿತಿ.

ಪಶ್ಚಿಮಘಟ್ಟದ ವರದಿಗಳ ಪ್ರಕರಣವು ಊರಿನ ನೆಲೆಯ ಮತ್ತೊಂದು ಮುಖವನ್ನು ತೋರುತ್ತದೆ. ಕಸ್ತೂರಿರಂಗನ್ ಸಮಿತಿಯ ಶಿಫಾರಸಿನಂತೆ ಪರಿಸರ ಸೂಕ್ಷ್ಮ ಪ್ರದೇಶವನ್ನು ಗುರುತಿಸುವ ಕರಡು ಅಧಿಸೂಚನೆಯು 2014ರ ಮಾರ್ಚ್ 10ರಂದು, ಲೋಕಸಭಾ ಮತದಾನಕ್ಕೆ ತಿಂಗಳು ಉಳಿದಿರುವಾಗ ಹೊರಬಿದ್ದಿತು. ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್ ಅದರ ವ್ಯಾಪ್ತಿಗೆ ಸೇರಿತ್ತು. ಅದಕ್ಕೆ ಒಂದು ವಾರ ಮುನ್ನ, ಮಾರ್ಚ್ 3ರಂದು, ನೇತ್ರಾವತಿಯ ಮೇಲ್ಭಾಗದ ಹೊಳೆಗಳ ನೀರನ್ನು ಪೂರ್ವಕ್ಕೆ ಎತ್ತಿ ಹರಿಸುವ ಎತ್ತಿನಹೊಳೆ ಯೋಜನೆಗೆ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆಯಾಗಿತ್ತು. ಕರಾವಳಿಯ ಘಟ್ಟದ ತಪ್ಪಲಿನ ಗ್ರಾಮಗಳು ಇವೆರಡನ್ನೂ ವಿರೋಧಿಸಿದವು. ಪರಿಸರವನ್ನು ಕೆಡಿಸುವ ಯೋಜನೆಯನ್ನೂ ಪರಿಸರವನ್ನು ಕಾಯುವ ಅಧಿಸೂಚನೆಯನ್ನೂ ಒಟ್ಟಿಗೆ ವಿರೋಧಿಸುವುದು ಪರಿಸರವಾದಿಗೆ ಒಗಟಾಗಿ ಕಾಣಬಹುದು. ಆದರೆ ಕಟ್ಟಿನ ತರ್ಕದಲ್ಲಿ ಎರಡೂ ಒಂದೇ: ದೂರದಲ್ಲಿ ಕುಳಿತವರು ಕೇಳದೆ ಎಳೆದ ಗೆರೆಗಳು. 2019ರ ಬಳಿಕ ಉಡುಪಿ–ಕಾಸರಗೋಡು 400 ಕಿಲೋವೋಲ್ಟ್ ವಿದ್ಯುತ್ ಮಾರ್ಗದ ವಿರುದ್ಧ ಕೃಷಿಕರು ಎತ್ತಿದ ದನಿಯಲ್ಲಿಯೂ ಇದೇ ತರ್ಕವಿದೆ. ತಂತಿಯಡಿಯಲ್ಲಿ ತೆಂಗು, ಕಂಗು ಬೆಳೆಯುವಂತಿಲ್ಲ. ಸಾಗುವ ವಿದ್ಯುತ್ತು ಊರಿನದ್ದಲ್ಲ. ಇದಕ್ಕೆ ಹೋಲಿಸಿದರೆ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸೌರ ಉದ್ಯಾನಕ್ಕೆ ರೈತರ ಭೂಮಿಯನ್ನು ಕೊಳ್ಳದೆ, ಗುತ್ತಿಗೆಗೆ ಪಡೆದ ಕ್ರಮವು ಗಮನಾರ್ಹ. ಅಲ್ಲಿ ಪಹಣಿಯಲ್ಲಿ ಹೆಸರು ಉಳಿಯಿತು. ಆದರೂ ಬಾಡಿಗೆಯ ಹಣ ಭೂಮಾಲೀಕರಿಗೆ ಸಂದಿತು, ಆ ಹೊಲಗಳಲ್ಲಿ ದುಡಿಯುತ್ತಿದ್ದ ಭೂರಹಿತರಿಗಲ್ಲ. ನಲಿಕೆ, ಪಂಬದರ ಸಂದರ್ಭದಲ್ಲಿ ಕಂಡ ಪ್ರಶ್ನೆಯೇ ಬಯಲುಸೀಮೆಯಲ್ಲಿ ಬೇರೆ ರೂಪದಲ್ಲಿ ಎದುರಾಗುತ್ತದೆ.

ಹವಾಮಾನ ಮತ್ತು ತಪ್ಪುಕಾಣಿಕೆ

ಹವಾಮಾನ ಬದಲಾವಣೆಯ ಚರ್ಚೆಯು ಕರಾವಳಿಯನ್ನು ತಲುಪಿರುವುದು ಇಂಗಾಲದ ಲೆಕ್ಕವಾಗಿ ಅಲ್ಲ. ಉಳ್ಳಾಲ, ಸಸಿಹಿತ್ಲುಗಳ ಕಡಲ್ಕೊರೆತ, 2021ರ ಮೇ ತಿಂಗಳ ತೌಕ್ತೆ ಚಂಡಮಾರುತ, ಬೇಸಗೆಯ ನೀರಿನ ಬರ ಇವುಗಳಾಗಿ ಅದು ಬಂದಿದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ 2019ರ ಬೇಸಗೆಯಲ್ಲಿ ನೇತ್ರಾವತಿಯ ನೀರು ಸಾಲದೆ ತೈಲ ಶುದ್ಧೀಕರಣಾಗಾರವು ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ನಗರದಲ್ಲಿ ನೀರಿಗೆ ಪಡಿತರ ಬಂತು. ಇಂಧನವನ್ನು ಸಂಸ್ಕರಿಸುವ ಉದ್ಯಮವೇ ಮಳೆಯ ಹಂಗಿನಲ್ಲಿದೆ ಎಂಬುದು ಆ ವರ್ಷ ಎಲ್ಲರಿಗೂ ಕಾಣಿಸಿತು.

ಮನುಷ್ಯನ ತಪ್ಪಿನಿಂದ ಮಳೆ-ಬೆಳೆ ಕೆಡುತ್ತದೆ ಎಂಬ ನಂಬಿಕೆ ಜನಪದಕ್ಕೆ ಹೊಸದಲ್ಲ. ಕೆಡ್ಡಸದ ದಿನಗಳಲ್ಲಿ ಭೂಮಿಯನ್ನು ಅಗೆಯಬಾರದು, ಬನದ ಮರ ಕಡಿಯಬಾರದು ಎಂಬ ನಿಷೇಧಗಳ ಹಿಂದೆ ಈ ಕಾರ್ಯಕಾರಣ ಸಂಬಂಧವಿದೆ. ಆದ್ದರಿಂದ ಮಾನವಕೃತ ಹವಾಮಾನ ಬದಲಾವಣೆ ಎಂಬ ವಿಜ್ಞಾನದ ನಿರ್ಣಯವನ್ನು ಗ್ರಾಮೀಣ ಸಂಪ್ರದಾಯಶೀಲ ಮನಸ್ಸು ಒಪ್ಪಲಾರದು ಎಂಬ ಗ್ರಹಿಕೆ ಸರಿಯಲ್ಲ. ತೊಡಕು ಇರುವುದು ಬೇರೆ ಕಡೆ. ಜನಪದದ ನ್ಯಾಯದಲ್ಲಿ ತಪ್ಪು ಮಾಡಿದವನು ಗಡಿಯೊಳಗಿನವನು. ಅವನನ್ನು ಕರೆಸಬಹುದು; ಅವನು ಊರಿನ ಮುಂದೆ ನಿಂತು ತಪ್ಪನ್ನು ಒಪ್ಪಿ, ತಪ್ಪುಕಾಣಿಕೆ ಹಾಕಿ, ಕೆಡಿಸಿದ್ದನ್ನು ಸರಿಪಡಿಸಿ ಮತ್ತೆ ಕಟ್ಟಿನೊಳಗೆ ಸೇರಬಹುದು. ಇಂಗಾಲದ ಡೈಆಕ್ಸೈಡಿಗೆ ಗಡಿಯಿಲ್ಲ. ಅದನ್ನು ಹೊರಬಿಟ್ಟವನು ಯಾವುದೋ ಖಂಡದಲ್ಲಿ, ಯಾವುದೋ ಶತಮಾನದಲ್ಲಿ ಇದ್ದಾನೆ. ಯಾವ ದೈವದ ವ್ಯಾಪ್ತಿಗೂ ಅವನು ಸಿಗುವುದಿಲ್ಲ. ಈ ಶೂನ್ಯವನ್ನು ದೇಶದ ನೆಲೆಯ ವಾದವು ತುಂಬುತ್ತದೆ: ತಪ್ಪು ಪಶ್ಚಿಮದ್ದು, ಕಾಣಿಕೆಯೂ ಅವರದ್ದೇ ಎಂದು. ಅಂತರರಾಷ್ಟ್ರೀಯ ವೇದಿಕೆಯಲ್ಲಿ ನ್ಯಾಯಯುತವಾದ ಈ ಮಾತು ಎಲ್ಲೂರಿಗೆ ಬಂದಾಗ ಅಪೂರ್ಣವಾಗುತ್ತದೆ. ಏಕೆಂದರೆ ಅಲ್ಲಿನ ಹಾರುಬೂದಿಯ ಮೂಲ ಗಡಿಯೊಳಗೇ ಇದೆ.

2022ರ ಮೇ ಕೊನೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠವು, ಸ್ಥಳೀಯರ ದೀರ್ಘ ಕಾನೂನು ಹೋರಾಟದ ಬಳಿಕ, ಉಡುಪಿಯ ಸ್ಥಾವರಕ್ಕೆ 52 ಕೋಟಿ ರೂಪಾಯಿಗೂ ಹೆಚ್ಚಿನ ಪರಿಸರ ಪರಿಹಾರವನ್ನು ವಿಧಿಸಿ ಆದೇಶ ನೀಡಿತು. ಮಾಲಿನ್ಯ ಮಾಡಿದವನೇ ತೆರಬೇಕೆಂಬ ಆಧುನಿಕ ನ್ಯಾಯತತ್ತ್ವಕ್ಕೂ ತಪ್ಪುಕಾಣಿಕೆಗೂ ಮೇಲ್ನೋಟಕ್ಕೆ ಸಾಮ್ಯವಿದೆ. ವ್ಯತ್ಯಾಸವೂ ಅಷ್ಟೇ ಮುಖ್ಯ. ದಂಡವು ನಷ್ಟವನ್ನು ಹಣದಲ್ಲಿ ಅಳೆಯುತ್ತದೆ. ತಪ್ಪುಕಾಣಿಕೆಯು ತಪ್ಪಿತಸ್ಥನನ್ನು ಕೆಡಿಸಿದ ಜಾಗಕ್ಕೆ, ಆ ಜಾಗದ ಜನರ ಎದುರಿಗೆ ತರುತ್ತದೆ. ಮತ್ತೊಂದೆಡೆ, ತಪ್ಪುಕಾಣಿಕೆಯ ಪದ್ಧತಿಯಲ್ಲಿ ಬಲಾಢ್ಯ ಯಜಮಾನನನ್ನು ಕರೆಸಲು ದುರ್ಬಲರಿಗೆ ಎಷ್ಟು ಸಾಧ್ಯವಿತ್ತು ಎಂಬ ಪ್ರಶ್ನೆಗೆ ಇತಿಹಾಸ ಸಮಾಧಾನಕರ ಉತ್ತರ ಕೊಡುವುದಿಲ್ಲ. ನ್ಯಾಯಮಂಡಳಿಯ ಬಾಗಿಲು ಆ ಮಟ್ಟಿಗಾದರೂ ತೆರೆದಿತ್ತು.

ಉಪಸಂಹಾರ

ಮೇಲಿನ ವಿವರಣೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಕರಾವಳಿಯ ಸಂಪ್ರದಾಯಶೀಲ ಚಿಂತನೆಯು ಏಕಶಿಲೆಯಲ್ಲ. ಚುನಾವಣೆಯ ಫಲಿತಾಂಶವನ್ನು ಮಾತ್ರ ನೋಡಿ ಇಂಧನ ಅಥವಾ ಪರಿಸರದ ಬಗ್ಗೆ ಅದರ ನಿಲುವನ್ನು ಊಹಿಸುವುದು ತಪ್ಪಾಗುತ್ತದೆ. ಎರಡನೆಯದಾಗಿ, ಗೆದ್ದ ಪಕ್ಷಗಳೂ ಇದನ್ನೇ ತಪ್ಪಾಗಿ ಓದಿವೆ. ದೇಶದ ಹೆಸರಿನಲ್ಲಿ ದೊರೆತ ಮತವನ್ನು ಊರಿನ ಭೂಮಿಗೆ ದೊರೆತ ಒಪ್ಪಿಗೆಯೆಂದು ಭಾವಿಸಿದಾಗಲೆಲ್ಲ ಸಂಘರ್ಷ ಉಂಟಾಗಿದೆ. ಕಲ್ಲಿದ್ದಲಿಗೆ ಸಂಬಂಧಿಸಿ ಆದ ಈ ತಪ್ಪು ನಾಳೆ ಸೌರ, ಪವನ ಹಾಗೂ ಪ್ರಸರಣ ಮಾರ್ಗಗಳ ವಿಷಯದಲ್ಲಿಯೂ ಆಗಬಹುದು. ಯೋಜನೆ ಹಸಿರಾಗಿದ್ದ ಮಾತ್ರಕ್ಕೆ ಎಳೆದ ಗೆರೆ ಊರಿನದ್ದಾಗುವುದಿಲ್ಲ. ಮೂರನೆಯದಾಗಿ, ಊರಿನ ಕಟ್ಟಿಗೆ ತನ್ನ ಗಡಿಯಾಚೆಗಿನ ಹಾನಿಯನ್ನು ಹೆಸರಿಸುವ ಭಾಷೆ ಇನ್ನೂ ಬೆಳೆದಿಲ್ಲ, ಗಡಿಯೊಳಗಿನ ಭೂರಹಿತರ ನಷ್ಟವನ್ನು ಹೆಸರಿಸುವ ಭಾಷೆಯೂ ಸಾಲದಾಗಿದೆ.

ಈ ಕೊನೆಯ ಅಂಶದಲ್ಲಿ ಜಾನಪದ ಅಧ್ಯಯನಕ್ಕೆ ನಿರ್ದಿಷ್ಟ ಕೆಲಸವಿದೆ. ಸ್ವಾಧೀನಗೊಂಡ ಗ್ರಾಮಗಳ ಸಾನ, ಬನಗಳ ಪಟ್ಟಿ, ನೇಮದ ಹಕ್ಕುಬಾಧ್ಯತೆಗಳು, ಸ್ಥಳಾಂತರಗೊಂಡ ಕಲಾವಿದ ಕುಟುಂಬಗಳ ವಿವರ, ಮಳೆ ಹಾಗೂ ಬೇಸಾಯಕ್ಕೆ ಸಂಬಂಧಿಸಿದ ಮೌಖಿಕ ಜ್ಞಾನ ಇವು ಗ್ರಾಮವಾರು ದಾಖಲಾಗಬೇಕು. ಪರಿಸರ ಪರಿಣಾಮ ವರದಿಗಳಲ್ಲಿ ಮರಗಳ ಎಣಿಕೆಯಿದೆ, ಮನೆಗಳ ಎಣಿಕೆಯಿದೆ. ನೇಮ ಕಟ್ಟುವ ಹಕ್ಕುಗಳ ಎಣಿಕೆಯಿಲ್ಲ. ಆ ಕಾಲಂ ತುಂಬಲು ಬೇಕಾದ ಮಾಹಿತಿಯು ಹಿರಿಯ ಕಲಾವಿದರ ನೆನಪಿನಲ್ಲಿ ಇಂದು ಲಭ್ಯವಿದೆ. ಮುಂದಿನ ಯೋಜನೆಯ ಅಧಿಸೂಚನೆ ಹೊರಡುವ ಮೊದಲು ಅದು ಗ್ರಂಥಾಲಯದ ಕಪಾಟಿಗೂ ನ್ಯಾಯಾಲಯದ ಕಡತಕ್ಕೂ ತಲುಪುವುದು ಅಗತ್ಯ.